ಈಜುಕೊಳದ ಹೊಸ ಉಡುಪು ನಿಯಮಗಳ ಕುರಿತು

ಮಾನ್ಯ ಗ್ರಾಹಕರೇ,

ಇದುವರೆಗೆ ಖಾಸಗಿ ವ್ಯಾಯಾಮಶಾಲೆಯೊಂದನ್ನಷ್ಟೇ ನಡೆಸುತ್ತಿದ್ದ ನಮ್ಮ ಸಹಕಾರಿ ಸಂಸ್ಥೆ, ಬರುವ ತಿಂಗಳಿನಿಂದ ನಗರಸಭೆಯ ಈಜುಕೊಳದ ನಿರ್ವಹಣೆಯನ್ನೂ ಗುತ್ತಿಗೆಯ ಮೇಲೆ ವಹಿಸಿಕೊಳ್ಳಲಿದೆ. ಇದರಿಂದಾಗಿ ಒಂದೇ ಸಂಸ್ಥೆಯ ಎರಡು ಸ್ಥಳಗಳಲ್ಲಿ ಉಡುಪಿನ ವಿಷಯದಲ್ಲಿ ಎರಡು ಬಗೆಯ ನಿಯಮಗಳು ಜಾರಿಗೆ ಬರುವುದರಿಂದ, ಕಾರಣವನ್ನು ಮೊದಲೇ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ನಾವಿರುವ ಫ್ರಾನ್ಸಿನಲ್ಲಿ ಸರ್ಕಾರಿ ನೌಕರರು ಕೆಲಸದ ವೇಳೆ ಧಾರ್ಮಿಕ ಚಿಹ್ನೆಗಳನ್ನು ಧರಿಸಬಾರದೆಂಬುದು ಹಳೆಯ ಕಟ್ಟುಪಾಡು. 2021ರ ಆಗಸ್ಟ್ 24ರ ಕಾನೂನು, ಸಾರ್ವಜನಿಕ ಸೇವೆಯನ್ನು ನಡೆಸಿಕೊಡುವ ನಮ್ಮಂಥ ಖಾಸಗಿ ಸಂಸ್ಥೆಗಳ ಸಿಬ್ಬಂದಿಯೂ ಅದೇ ತಟಸ್ಥತೆಯನ್ನು ಪಾಲಿಸಬೇಕೆಂದು ವಿಧಿಸಿದೆ. ಆದ್ದರಿಂದ ಈಜುಕೊಳದಲ್ಲಿ ಟಿಕೆಟ್ ಕೊಡುವವರಿಂದ ಹಿಡಿದು ಜೀವರಕ್ಷಕರವರೆಗೆ ನಮ್ಮವರು ಯಾರೂ ತಲೆವಸ್ತ್ರವನ್ನಾಗಲಿ, ಕಿಪ್ಪಾವನ್ನಾಗಲಿ (ಯಹೂದಿ ಪುರುಷರು ಧರಿಸುವ ಚಿಕ್ಕ ಟೋಪಿ), ಕಾಣುವಂತೆ ಶಿಲುಬೆಯನ್ನಾಗಲಿ ಧರಿಸುವಂತಿಲ್ಲ. ವ್ಯಾಯಾಮಶಾಲೆ ಸಾರ್ವಜನಿಕ ಸೇವೆಯಲ್ಲವಾದ್ದರಿಂದ ಅಲ್ಲಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಖಾಸಗಿ ಸಂಸ್ಥೆಗಳು ಬೇಕಿದ್ದರೆ ತಮ್ಮ ಆಂತರಿಕ ನಿಯಮಾವಳಿಯಲ್ಲಿ ಮಿತಿಗಳೊಳಗೆ ತಟಸ್ಥತೆಯ ಷರತ್ತು ಸೇರಿಸಿಕೊಳ್ಳಲು 2016ರಿಂದ ಅವಕಾಶವಿದೆ. ನಾವು ಸೇರಿಸಿಲ್ಲ, ಸೇರಿಸುವ ಉದ್ದೇಶವೂ ಇಲ್ಲ. ತಲೆವಸ್ತ್ರ ಧರಿಸುವ ನಮ್ಮ ಇಬ್ಬರು ಸಹೋದ್ಯೋಗಿಗಳು ತಮ್ಮ ಇಚ್ಛೆಯಂತೆ ಅಲ್ಲಿಯೇ ಮುಂದುವರಿಯುತ್ತಾರೆ. ಈಜು ಕಲಿಸುವುದರಲ್ಲಿ ಅವರಿಬ್ಬರೂ ನುರಿತವರಾಗಿದ್ದರೂ ಕೊಳದಲ್ಲಿ ಅವರ ಸೇವೆ ಸಿಗದಿರುವುದು ನಮಗೆ ಆಗಿರುವ ನಷ್ಟ.

ತಟಸ್ಥತೆಯ ಈ ಹೊಣೆ ಸೇವೆ ಒದಗಿಸುವವರದೇ ಹೊರತು ಸೇವೆ ಪಡೆಯುವವರದಲ್ಲ. ತಲೆವಸ್ತ್ರ ಧರಿಸಿ ಮಕ್ಕಳನ್ನು ಕರೆತರುವ ತಾಯಂದಿರನ್ನು ನಮ್ಮ ಸಿಬ್ಬಂದಿ ತಡೆಯುವುದಿಲ್ಲ, ತಡೆಯಲು ಅವರಿಗೆ ಅಧಿಕಾರವೂ ಇಲ್ಲ. ಮುಖ ಮುಚ್ಚುವುದನ್ನು ಮಾತ್ರ 2010ರ ಬೇರೊಂದು ಕಾನೂನು ಎಲ್ಲ ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧಿಸಿದೆ.

ನೀರಿಗಿಳಿಯುವ ಉಡುಪಿನ ಮಾತು ಬೇರೆ. ನೈರ್ಮಲ್ಯ ಮತ್ತು ಸುರಕ್ಷತೆಯ ದೃಷ್ಟಿಯಿಂದ ಅದು ಮೈಗೆ ಅಂಟಿಕೊಂಡಿರಬೇಕೆಂದು ಕೊಳದ ನಿಯಮಾವಳಿ ಹೇಳುತ್ತದೆ. ಕೆಲವು ಮುಸ್ಲಿಂ ಮಹಿಳೆಯರು ಧರಿಸುವ, ಮೈಗೆ ಅಂಟದ ಉದ್ದನೆಯ ಈಜುಡುಪಿಗೆ ಗ್ರೆನೋಬಲ್ ನಗರ ವಿನಾಯಿತಿ ಕೊಡಹೊರಟಾಗ, ಒಂದು ಧಾರ್ಮಿಕ ಬೇಡಿಕೆಗಾಗಿ ಸಾಮಾನ್ಯ ನಿಯಮವನ್ನು ಸಡಿಲಿಸಿದರೆ ಎಲ್ಲರನ್ನೂ ಸಮಾನವಾಗಿ ಕಾಣುವ ತತ್ವಕ್ಕೆ ಧಕ್ಕೆಯಾಗುತ್ತದೆಂದು ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ 2022ರ ಜೂನ್ 21ರಂದು ಅಭಿಪ್ರಾಯಪಟ್ಟು, ಆ ವಿನಾಯಿತಿಗೆ ಕೆಳ ನ್ಯಾಯಾಲಯ ನೀಡಿದ್ದ ತಡೆಯನ್ನು ಎತ್ತಿಹಿಡಿಯಿತು. ಹೀಗಾಗಿ ನಾವೂ ವಿನಾಯಿತಿ ಕೊಡಲಾರೆವು. ಸಡಿಲ ಚಡ್ಡಿ ತೊಟ್ಟು ಬರುವ ಗಂಡಸರನ್ನೂ ಇದೇ ನಿಯಮ ಹಿಂದಕ್ಕೆ ಕಳುಹಿಸುತ್ತದೆ. ಹೆಚ್ಚು ಜಗಳಗಳು ಅವರೊಡನೆಯೇ ಆಗುತ್ತವೆಂದು ಕೊಳದ ಹಳೆಯ ಸಿಬ್ಬಂದಿ ನಮಗೆ ಈಗಾಗಲೇ ಎಚ್ಚರಿಸಿದ್ದಾರೆ.

ಈ ಬಗ್ಗೆ ಆಕ್ಷೇಪಣೆಗಳಿದ್ದಲ್ಲಿ ಆಡಳಿತ ಮಂಡಳಿಗೆ ಲಿಖಿತವಾಗಿ ತಿಳಿಸಬೇಕಾಗಿಯೂ, ಕೌಂಟರಿನಲ್ಲಿರುವವರೊಡನೆ ವಾದಕ್ಕಿಳಿಯಬಾರದಾಗಿಯೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಆಡಳಿತ ಮಂಡಳಿ