ಮೊದಲ ಒಂದು ಗಂಟೆ ಯಾರು ಮಾತಾಡಬೇಕು, ಈಗಲೇ ಬರೆದಿಡಿ

ಮಾನ್ಯ ಜಿಲ್ಲಾಧಿಕಾರಿಗಳೇ,

ನಿಮ್ಮ ಕಚೇರಿಯಲ್ಲಿ ವಿಪತ್ತು ನಿರ್ವಹಣೆಯ ಫೈಲ್ ಇದ್ದೇ ಇರುತ್ತದೆ. ದೋಣಿ ಎಷ್ಟು, ಆಂಬುಲೆನ್ಸ್ ಎಷ್ಟು, ಪರಿಹಾರ ಕೇಂದ್ರ ಎಲ್ಲಿ, ಎಲ್ಲ ಅದರಲ್ಲಿ ಬರೆದಿರುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ, ಅಣೆಕಟ್ಟು ಒಡೆದಿದೆ ಎಂದು ಯಾರೋ ಅಳುತ್ತಾ ಹೇಳುವ ಆಡಿಯೊ ವಾಟ್ಸಾಪ್‌ನಲ್ಲಿ ಓಡಾಡಲು ಶುರುವಾದರೆ, ಅದು ಸುಳ್ಳು ಎಂದು ಜನರಿಗೆ ಹೇಳುವವರು ಯಾರು? ಮೇಲಿನವರನ್ನು ಕೇಳದೆ ಹಾಗೆ ಹೇಳುವ ಅಧಿಕಾರ ಅವರಿಗೆ ಇದೆಯಾ? ನನ್ನ ಪ್ರಶ್ನೆ ಇಷ್ಟೇ.

ಅಮೆರಿಕದ ಹವಾಯಿ ರಾಜ್ಯದಲ್ಲಿ ಆಗಿದ್ದು ನಿಮಗೆ ನೆನಪಿರಬಹುದು. 2018ರ ಜನವರಿ 13, ಬೆಳಿಗ್ಗೆ 8 ಗಂಟೆ 7 ನಿಮಿಷ. ಕ್ಷಿಪಣಿ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ಅಣಕು ಕಾರ್ಯಾಚರಣೆ ಅಲ್ಲ ಎಂಬ ಸರ್ಕಾರಿ ಎಚ್ಚರಿಕೆ ಜನರ ಮೊಬೈಲ್‌ಗಳಿಗೆ ಬಂತು. ಯಾವ ಕ್ಷಿಪಣಿಯೂ ಬರುತ್ತಿರಲಿಲ್ಲ. ಅಭ್ಯಾಸ ನಡೆಯುತ್ತಿದ್ದಾಗ ನೌಕರರೊಬ್ಬರು ನಿಜವಾದ ಎಚ್ಚರಿಕೆಯನ್ನೇ ಕಳಿಸಿಬಿಟ್ಟಿದ್ದರು. ಗವರ್ನರ್ ಡೇವಿಡ್ ಇಗೆ ಅವರಿಗೆ ಇದು ಸುಳ್ಳು ಅಂತ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಆದರೂ ಅವರು ಟ್ವಿಟರ್‌ನಲ್ಲಿ ಅದನ್ನು ಹೇಳಲು ಇನ್ನೂ ಸುಮಾರು 15 ನಿಮಿಷ ಹಿಡಿಯಿತು. ಯಾಕೆ ತಡ ಎಂದು ಕೇಳಿದಾಗ, ತಮ್ಮ ಖಾತೆಯ ಪಾಸ್‌ವರ್ಡ್ ತಮಗೆ ಗೊತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು. ಮೊಬೈಲ್‌ಗಳಿಗೆ ತಿದ್ದುಪಡಿ ಸಂದೇಶ ಬಂದಿದ್ದು 38 ನಿಮಿಷ ಆದ ಮೇಲೆ. ಎಚ್ಚರಿಕೆಯ ಸಂದೇಶ ರೆಡಿ ಇತ್ತು, ‘ಮೊದಲು ಕಳಿಸಿದ್ದು ತಪ್ಪು’ ಎನ್ನುವ ಸಂದೇಶ ರೆಡಿ ಇರಲಿಲ್ಲ.

ತಂತ್ರಜ್ಞಾನಕ್ಕೆ ಅಲ್ಲಿ ಕೊರತೆ ಇರಲಿಲ್ಲ ಅಲ್ವಾ?

ನಿಮ್ಮ ಅಧಿಕೃತ ಖಾತೆಗಳ ಪಾಸ್‌ವರ್ಡ್ ಈಗ ಯಾರ ಹತ್ತಿರ ಇದೆ, ಅವರು ರಜೆಯಲ್ಲಿದ್ದರೆ ಇನ್ಯಾರು, ಅವರಿಗೆ ವರ್ಗಾವಣೆಯಾದರೆ ಏನು ಗತಿ, ಇದನ್ನು ಇವತ್ತೇ ಒಮ್ಮೆ ವಿಚಾರಿಸಿ. ಸಾಮಾನ್ಯವಾಗಿ ಕರಡು ಕೆಳಗಿನವರಿಂದ ಮೇಲಿನವರಿಗೆ ಹೋಗಿ, ಒಂದು ಪದ ತಿದ್ದಿಸಿಕೊಂಡು, ಸಹಿಯಾಗಿ ಬರುವಷ್ಟರಲ್ಲಿ ವದಂತಿ ಊರೆಲ್ಲ ಸುತ್ತಿ ಮನೆಗೆ ಬಂದು ಮಲಗಿರುತ್ತದೆ. ಮೊದಲ ಒಂದು ಗಂಟೆಗೆ ಮಾತ್ರವಾದರೂ ಸಹಿ ಬೇಡದ ಒಂದು ದಾರಿ ಇರಲಿ. ಇಬ್ಬರ ಹೆಸರು ಬರೆದಿಡಿ, ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನೂ ಬರೆದಿಡಿ. ಆ ಗಂಟೆಯಲ್ಲಿ ಅವರು ಒಂದು ಸಾಲು ತಪ್ಪಿದರೆ ನೋಟಿಸ್ ಕೊಡಬೇಡಿ, ಕೊಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಎಲ್ಲ ಗೊತ್ತಾದ ಮೇಲೆ ಹೇಳೋಣ ಅಂತ ಕಾಯುವುದು ಇನ್ನೊಂದು ರೋಗ. ‘ಇಷ್ಟು ಗೊತ್ತಾಗಿದೆ, ಇದು ಇನ್ನೂ ಗೊತ್ತಾಗಿಲ್ಲ, ಮುಂದಿನ ಮಾಹಿತಿ 4 ಗಂಟೆಗೆ’ ಎಂದರೆ ಸಾಕು, ಜನ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ 4 ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಬಂದು ಅಷ್ಟನ್ನಾದರೂ ಹೇಳಲೇಬೇಕು. 2016ರ ಜುಲೈನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಶಾಪಿಂಗ್ ಸೆಂಟರ್ ಬಳಿ ಗುಂಡಿನ ದಾಳಿಯಾಯಿತು. ಊರಿನ ಬೇರೆ ಬೇರೆ ಕಡೆಯೂ ಗುಂಡು ಹಾರಿದೆ ಎಂಬ ಸುಳ್ಳು ಸುದ್ದಿಗೆ ಜನ ದಿಕ್ಕಾಪಾಲಾಗಿ ಓಡಿದರು. ಪೊಲೀಸರು ಜರ್ಮನ್ ಅಲ್ಲದೆ ಬೇರೆ ಭಾಷೆಗಳಲ್ಲೂ ಟ್ವೀಟ್ ಮಾಡುತ್ತಾ ಹೋದರು, ಕಾರ್ಯಾಚರಣೆಯ ಫೋಟೊ, ವಿಡಿಯೊ ಹಾಕಬೇಡಿ ಎಂದು ಕೇಳಿಕೊಂಡರು. ಗಾಬರಿ ಪೂರ್ತಿ ನಿಲ್ಲಲಿಲ್ಲ ನಿಜ. ಆದರೆ ನಂಬುವುದಾದರೆ ಯಾರನ್ನು ನಂಬಬೇಕು ಎನ್ನುವುದಾದರೂ ಜನರಿಗೆ ಗೊತ್ತಿತ್ತು.

ಇನ್ನು ನಿಮ್ಮ ಪ್ರಕಟಣೆಗಳ ಬಗ್ಗೆ. ಸ್ಕ್ಯಾನ್ ಮಾಡಿದ ಮಸುಕು ಕಾಗದ ಹಾಕುತ್ತೀರಿ, ಕಣ್ಣು ಕಾಣದವರ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ. ಸಂದೇಶದ ಒಳಗೇ ದಿನಾಂಕ ಮತ್ತು ಸಮಯ ದಪ್ಪಕ್ಷರದಲ್ಲಿ ಇರಲಿ, ಇಲ್ಲದಿದ್ದರೆ ಹೋದ ವರ್ಷದ ರಜೆ ಆದೇಶ ಈ ವರ್ಷವೂ ಓಡಾಡುತ್ತದೆ. ವದಂತಿಯನ್ನು ಅಲ್ಲಗಳೆಯುವಾಗ ಅದನ್ನೇ ಶೀರ್ಷಿಕೆ ಮಾಡಬೇಡಿ. ಮೊದಲು ನಿಜ ಏನು ಅಂತ ಹೇಳಿ. ತುಂಬಾ ಜನ ಓದುವುದು ಮೊದಲ ಸಾಲು ಮಾತ್ರ.

ಎಲ್ಲವನ್ನೂ ಒಂದೇ ಕಂಪನಿಯ ಆ್ಯಪ್ ಮೇಲೆ ಹೊರಿಸುವುದೂ ಬೇಡ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಸುಮಾರು 6 ಗಂಟೆ ನಿಂತುಹೋಗಿದ್ದವು. ಸೆಲ್ ಬ್ರಾಡ್‌ಕಾಸ್ಟ್ ಎಂಬ ಮೊಬೈಲ್ ಎಚ್ಚರಿಕೆ ಸಂದೇಶಕ್ಕೆ ಇಂಥ ಆ್ಯಪ್ ಬೇಡ, ಅದು ಒಂದು ಟವರಿನ ವ್ಯಾಪ್ತಿಯ ಫೋನ್‌ಗಳಿಗೆಲ್ಲ ಒಂದೇ ಸಲಕ್ಕೆ ಹೋಗುತ್ತದೆ. ಯಾರ ನಂಬರೂ ಬೇಕಿಲ್ಲ, ಎಸ್‌ಎಂಎಸ್ ತರಹ ನೆಟ್‌ವರ್ಕ್ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವುದೂ ಇಲ್ಲ. ಟವರೇ ಬಿದ್ದುಹೋದರೆ? ಆಗ ರೇಡಿಯೊ, ಧ್ವನಿವರ್ಧಕ ಕಟ್ಟಿದ ಜೀಪು. ಹಳೆಯದು ಅಂತ ಅವನ್ನು ಯೋಜನೆಯಿಂದ ತೆಗೆದುಹಾಕಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಒಂದು ಭಾನುವಾರ ಮಧ್ಯರಾತ್ರಿ, ಮೊದಲೇ ಸುಳಿವು ಕೊಡದೆ, ನಿಮ್ಮ ಸಿಬ್ಬಂದಿಗೆ ಮಾತ್ರ ಒಂದು ಕಾಲ್ಪನಿಕ ವದಂತಿ ಕೊಟ್ಟು ನೋಡಿ. ಜನರ ಮುಂದೆ ಇಡಬಹುದಾದ ಉತ್ತರ ಸಿದ್ಧವಾಗಲು ಎಷ್ಟು ನಿಮಿಷ ಹಿಡಿಯಿತು ಅಂತ ಗುರುತು ಹಾಕಿಕೊಳ್ಳಿ. ಆ ಲೆಕ್ಕ ಎಷ್ಟೇ ಕೆಟ್ಟದಾಗಿರಲಿ, ನಮಗೂ ತಿಳಿಸಿ.

ಇಂತಿ,
ಒಬ್ಬ ನಾಗರಿಕ