ಲೋಟ ಒಡೆದದ್ದು ಯಾರು?

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನಿನ್ನೆ ರಾತ್ರಿ ನೋಡಿದೆ. ಹನ್ನೊಂದನೇ ಕ್ಲಾಸಿಗೆ ಸಾಮಾನ್ಯ ಇಂಗ್ಲಿಷ್ ಆದ ಕೋರ್ ಬಿಟ್ಟು, ಸಾಹಿತ್ಯ ಹೆಚ್ಚಿರುವ ಎಲೆಕ್ಟಿವ್ ತಗೊಂಡಿದ್ದೀಯ. ರಜೆಯಲ್ಲಿ ಒಂದು ಕಾದಂಬರಿ, ಒಂದು ನಾಟಕ, ನಾಲ್ಕು ಪ್ರಬಂಧ ಓದಿ, ಓದಿದ್ದರ ಬಗ್ಗೆ ಬರೆದುಕೊಂಡು ಬನ್ನಿ ಅಂತ ಮೇಡಂ ಹೇಳಿದ್ದಾರೆ, ಅದನ್ನು ನೋಡಿ ನಿನಗೆ ಕೈಕಾಲೇ ಆಡುತ್ತಿಲ್ಲ. ಉಳಿದವರೆಲ್ಲ ಮನೆಯಲ್ಲೇ ಇಂಗ್ಲಿಷ್ ಮಾತಾಡುವವರು, ನಾನು ಮಂಡ್ಯದಲ್ಲಿ ಕನ್ನಡದಲ್ಲೇ ಬೆಳೆದವಳು, ನನ್ನ ಕೈಲಿ ಆಗುತ್ತಾ ಅಂತ ಕೇಳಿದ್ದೀಯ. ಆಗುತ್ತೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಯಾಕೆ ಅಂತ ಬರೀತೀನಿ, ಸ್ವಲ್ಪ ಉದ್ದ ಆಗಬಹುದು, ಬಿಡುವಾದಾಗ ಓದು.

ಮೊದಲು ನನ್ನದೇ ಒಂದು ಕಥೆ. ಕಾಲೇಜಿನ ಮೊದಲ ಟೆಸ್ಟಿಗೆ ನಾನು ಗೈಡ್ ತಂದು ಕಾದಂಬರಿಯ ಸಾರಾಂಶ ಬಾಯಿಪಾಠ ಮಾಡಿ, ಅಕ್ಷರ ತಪ್ಪಿಲ್ಲದೆ ಆರು ಪುಟ ಬರೆದಿದ್ದೆ. ಇಪ್ಪತ್ತೈದಕ್ಕೆ ಎಂಟು ಬಂತು. ಪೇಪರಿನ ಕೊನೆಯಲ್ಲಿ ಲೆಕ್ಚರರ್ ಕೆಂಪು ಇಂಕಿನಲ್ಲಿ ಬರೆದಿದ್ದರು: ‘ಕಥೆ ನನಗೂ ಗೊತ್ತು. ನಿನಗೇನು ಕಂಡಿತು?’ ಅವತ್ತು ಅತ್ತಿದ್ದೆ. ಆದರೆ ದೊಡ್ಡ ಇಂಗ್ಲಿಷ್ ಕ್ಲಾಸಿಗೂ ಹತ್ತನೇ ಕ್ಲಾಸಿಗೂ ಇರುವ ವ್ಯತ್ಯಾಸ ಅಷ್ಟೇ. ಇಲ್ಲಿಯವರೆಗೆ ‘ಏನಾಯಿತು’ ಅಂತ ಕೇಳುತ್ತಿದ್ದರು. ಇನ್ನು ಮೇಲೆ ‘ಹೇಗೆ ಹೇಳಿದ್ದಾರೆ, ಯಾಕೆ ಹಾಗೇ ಹೇಳಿದ್ದಾರೆ’ ಅಂತ ಕೇಳುತ್ತಾರೆ.

ಇದು ನಿನಗೆ ಈಗಾಗಲೇ ಗೊತ್ತು. ಚಿಕ್ಕವಳಿದ್ದಾಗ ಗಾಜಿನ ಲೋಟ ಕೈಜಾರಿ ಬಿದ್ದರೆ ಅಮ್ಮನ ಹತ್ತಿರ ಏನು ಹೇಳುತ್ತಿದ್ದೆ? ‘ಲೋಟ ಒಡೆದುಹೋಯ್ತು.’ ಅದೇ ತಮ್ಮ ಬೀಳಿಸಿದ್ದರೆ? ‘ಇವನು ಲೋಟ ಒಡೆದುಹಾಕಿದ.’ ನಡೆದದ್ದು ಒಂದೇ. ಮೊದಲ ಮಾತಿನಲ್ಲಿ ಒಡೆದವರೇ ಮಾಯ, ಎರಡನೆಯದರಲ್ಲಿ ಅವನೇ ಎದುರಿಗೆ ನಿಂತಿದ್ದಾನೆ. ‘ಹೋಯ್ತು’ ಮತ್ತು ‘ಹಾಕಿದ’, ಎಲ್ಲ ಕೆಲಸ ಮಾಡಿದ್ದು ಈ ಎರಡು ಪುಟ್ಟ ಪದಗಳು. ಇಂಗ್ಲಿಷಿನಲ್ಲೂ ‘ದಿ ಗ್ಲಾಸ್ ಬ್ರೋಕ್’ ಅನ್ನುವುದಕ್ಕೂ ‘ಹಿ ಬ್ರೋಕ್ ದಿ ಗ್ಲಾಸ್’ ಅನ್ನುವುದಕ್ಕೂ ಅದೇ ದೂರ ಇದೆ. ಕಾದಂಬರಿಯಲ್ಲಿ ಯಾರಾದರೂ ತಾನು ಮಾಡಿದ ತಪ್ಪನ್ನು ‘ಹಾಗಾಗಿಹೋಯಿತು’ ಅನ್ನುವ ಧಾಟಿಯಲ್ಲಿ ಹೇಳಿಕೊಂಡರೆ ಅಲ್ಲಿ ಪೆನ್ಸಿಲ್ ಗುರುತು ಹಾಕು. ನಿನ್ನ ಪ್ರಬಂಧ ಆ ಗುರುತಿನಿಂದಲೇ ಶುರುವಾಗಬಹುದು.

ಹಾಗಾಗಿ ರಾಶಿ ಪುಸ್ತಕ ಓದಬೇಕು ಅಂತ ಹಟ ಹಿಡಿಯಬೇಡ. ಮೇಡಂ ಹೇಳಿದ್ದನ್ನು ಎರಡು ಸಲ ಓದು. ಇನ್ನೂರು ಪುಟದ ಕಾದಂಬರಿ ಅಂತಿಟ್ಟುಕೋ. ದಿನಕ್ಕೆ ಇಪ್ಪತ್ತು ಪುಟದಂತೆ ಹತ್ತು ದಿನಕ್ಕೆ ಮುಗಿಯುತ್ತೆ. ಮೊದಲ ಸಲ ಕಥೆಗಾಗಿ ಓದು, ಡಿಕ್ಷನರಿ ಮುಟ್ಟಬೇಡ, ಅರ್ಥವಾಗದ ಪದದ ಕೆಳಗೆ ಒಂದು ಚುಕ್ಕೆ ಇಟ್ಟು ಮುಂದೆ ಹೋಗು. ಎರಡನೇ ಸಲಕ್ಕೆ ಕಥೆಯ ಕೊನೆ ಗೊತ್ತಿರುತ್ತೆ. ಆಗಲೇ ನಿಜವಾದ ಓದು. ಮೊದಲ ಅಧ್ಯಾಯದಲ್ಲಿ ಸುಮ್ನೆ ಬಂದುಹೋದ ಒಂದು ಕಿಟಕಿ, ಒಂದು ಪತ್ರ, ಯಾರೋ ಅರ್ಧಕ್ಕೆ ನಿಲ್ಲಿಸಿದ ಮಾತು, ಇವೆಲ್ಲ ಯಾಕೆ ಅಲ್ಲಿದ್ದವು ಅಂತ ಆಗ ಕಾಣಿಸತೊಡಗುತ್ತೆ. ಇಷ್ಟಾಗುವ ತನಕ ಮೊಬೈಲಿನಲ್ಲಿ ಸಾರಾಂಶ ಹುಡುಕಬೇಡ, ದಯವಿಟ್ಟು. ಬೇರೆಯವರ ಅಭಿಪ್ರಾಯ ಒಮ್ಮೆ ತಲೆಗೆ ಹೊಕ್ಕರೆ ನಿನ್ನ ಕಣ್ಣಿಗೆ ಏನು ಬೀಳುತ್ತಿತ್ತು ಅನ್ನುವುದು ನಿನಗೆ ಗೊತ್ತಾಗುವುದೇ ಇಲ್ಲ.

ನಾಟಕದ ವಿಷಯದಲ್ಲಂತೂ ನೀನು ಪುಣ್ಯ ಮಾಡಿದ್ದೀಯ. ನಿಮ್ಮ ಕಡೆ ಹಳ್ಳಿಗಳಲ್ಲಿ ಈಗಲೂ ಕುರುಕ್ಷೇತ್ರ ಆಡುತ್ತಾರೆ, ಅಲ್ವಾ? ಆಟದ ದಿನಕ್ಕಿಂತ ಅದರ ತಾಲೀಮು ನೋಡು. ಹಗಲೆಲ್ಲ ಗದ್ದೆಯಲ್ಲಿ ದುಡಿದು ಬಂದ ದುರ್ಯೋಧನನಿಗೆ ಹಾರ್ಮೋನಿಯಂ ಮೇಷ್ಟ್ರು ಅದೇ ಒಂದು ಸಾಲನ್ನು ಹತ್ತು ಸಲ ಹೇಳಿಸುತ್ತಾರೆ. ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು, ಯಾರ ಕಡೆ ತಿರುಗಬೇಕು. ನಿನ್ನ ಇಂಗ್ಲಿಷ್ ನಾಟಕವನ್ನೂ ಹಾಗೇ ಓದು. ಬಾಯಿಬಿಟ್ಟು, ಜೋರಾಗಿ, ತಮ್ಮನಿಗೆ ಒಂದು ಪಾತ್ರ ಕೊಟ್ಟು. ಕಣ್ಣಲ್ಲಿ ಓದುವಾಗ ಸಪ್ಪೆ ಅನಿಸಿದ ಸಾಲು ಬಾಯಲ್ಲಿ ಬಂದಾಗ ಕೋಪದ್ದೋ ಅಳುವಿನದೋ ಅಂತ ಗೊತ್ತಾಗುತ್ತೆ. ಉಚ್ಚಾರಣೆ ತಪ್ಪಿದರೆ ತಪ್ಪಲಿ.

ಇನ್ನು ಬರೆಯುವುದು. ದಿನಕ್ಕೆ ಒಂದು ಪುಟ ಸಾಕು, ಕೈಬರಹದಲ್ಲಿ. ಬೆಳಿಗ್ಗೆ ಸೆಖೆ ಏರುವ ಮೊದಲೇ ಮುಗಿಸಿಬಿಡು. ಪುಟದ ಎಡಗಡೆ ಪುಸ್ತಕದ ಒಂದೇ ಒಂದು ಸಾಲು ಇಳಿಸಿಕೋ, ಬಲಗಡೆ ಅದರ ಬಗ್ಗೆ ನಿನಗೆ ಅನಿಸಿದ್ದು ಬರೆ. ‘ತುಂಬಾ ಚೆನ್ನಾಗಿದೆ’ ಅಂತ ಬರೆದರೆ ಹೊಡೆದುಹಾಕು. ಯಾವ ಪದ, ಯಾಕೆ, ಅದರ ಬದಲು ಬೇರೆ ಪದ ಇದ್ದಿದ್ದರೆ ಏನಾಗುತ್ತಿತ್ತು, ಅದನ್ನು ಬರೆ. ಇಂಗ್ಲಿಷ್ ತೋಚದಿದ್ದರೆ ಮೊದಲು ಕನ್ನಡದಲ್ಲಿ ಬರೆ. ಯೋಚನೆ ನಿಲ್ಲಬಾರದು, ಅಷ್ಟೇ. ಆಮೇಲೆ ಅದನ್ನು ಇಂಗ್ಲಿಷಿಗೆ ತಾ.

ವಾರಕ್ಕೆ ಒಂದು ದಿನ ಉಲ್ಟಾ ಮಾಡು. ಇಂಗ್ಲಿಷಿನ ಒಂದು ಪ್ಯಾರಾವನ್ನು ಕನ್ನಡ ಮಾಡು. ಇದರಷ್ಟು ಒಳ್ಳೆಯ ಓದು ಇನ್ನೊಂದಿಲ್ಲ ಅಂತ ನನಗನಿಸುತ್ತೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತೆ. ಅವನು ಬಾಗಿಲನ್ನು ತೆಗೆದನೋ ಮುಚ್ಚಿದನೋ ಅಂತ ತಿಳಿಯಲು ಕೊನೆಯ ತನಕ ಕಾಯಬೇಕು. ಇಂಗ್ಲಿಷ್ ಅದನ್ನು ನಡುವೆಯೇ ಹೇಳಿಬಿಡುತ್ತೆ. ಒಂದು ಉದ್ದ ವಾಕ್ಯವನ್ನು ಕನ್ನಡಕ್ಕೆ ತರುವಾಗ ನೀನು ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತೆ, ಆಗ ಅದು ಹೇಗೆ ನಿಂತಿದೆ ಅಂತ ಕೈಗೇ ಗೊತ್ತಾಗುತ್ತೆ. ‘ಎ’, ‘ದಿ’ ನಿನಗೆ ಗೊಂದಲ ಅಂದಿದ್ದೆಯಲ್ಲ, ಅಜ್ಜಿ ಹೇಳುತ್ತಿದ್ದ ಕಥೆ ನೆನಪಿಸಿಕೋ: ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಹೆಂಡಿರು.’ ಮೊದಲು ‘ಒಬ್ಬ’, ಪರಿಚಯ ಆದಮೇಲೆ ‘ಆ’. ಎಲ್ಲ ಕಡೆಗೂ ಹೊಂದುವುದಿಲ್ಲ, ಆದರೆ ಅರ್ಧ ದಾರಿ ಅಲ್ಲೇ ಸಿಗುತ್ತೆ. ಇಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದರು, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಅಂತ ಪುಸ್ತಕ ಬಂತು, ಕನ್ನಡ ಕವಿತೆಯ ದಾರಿಯೇ ಬದಲಾಯಿತು. ಎರಡು ಭಾಷೆ ಗೊತ್ತಿರುವುದು ನಿನ್ನ ಕೊರತೆ ಅಲ್ಲ ಪುಟ್ಟಿ. ಒಂದೇ ಗೊತ್ತಿರುವವರಿಗೆ ಈ ಕೆಲಸ ಮಾಡಲು ಆಗುವುದೇ ಇಲ್ಲ.

ಫೇಲಾಗುವ ಭಯದ ಬಗ್ಗೆಯೂ ಬರೆದಿದ್ದೀಯ. ಆರ್.ಕೆ. ನಾರಾಯಣ್ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿದ್ದರು. ಇಂಗ್ಲಿಷಿನಲ್ಲಿ ಬರೆದು ಲೋಕಕ್ಕೆಲ್ಲ ಪರಿಚಯವಾದವರು! ಆಮೇಲೆ ಒಂದು ವರ್ಷ ಮನೆಯಲ್ಲೇ ಉಳಿದು ತಮಗೆ ಬೇಕಾದ್ದನ್ನು ಓದಿದರು, ಬರೆದರು, 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಆ ಖಾಲಿ ವರ್ಷದ ಬಗ್ಗೆ ನಾನು ಆಗಾಗ ಯೋಚಿಸುತ್ತೀನಿ. ಕ್ಲಾಸಿಲ್ಲ, ಪರೀಕ್ಷೆ ಇಲ್ಲ, ಪುಸ್ತಕ ಮತ್ತು ನಡಿಗೆ ಅಷ್ಟೇ. ನಿನ್ನ ರಜೆ ಅದರ ಒಂದು ತುಣುಕು ಅಂತ ತಿಳಿದುಕೋ. ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ ಈಗ ಮ್ಯೂಸಿಯಂ ಆಗಿದೆ, ರೈಲ್ವೆ ಸ್ಟೇಷನ್ನಿಂದ ದೂರವೇನಿಲ್ಲ.

ರಜೆ ಮುಗಿಯುವ ಮೊದಲು ಒಂದು ಭಾನುವಾರ ಬೆಳಗಿನ ರೈಲಿಗೆ ಬಾ. ಆ ಮನೆ ನೋಡಿಕೊಂಡು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ನಡೆದು, ಎಲ್ಲಾದರೂ ನೆರಳಲ್ಲಿ ಕೂರೋಣ. ನೋಟ್‌ಬುಕ್ ತಗೊಂಡು ಬಾ. ನೀಟಾಗಿ ಕಾಪಿ ಮಾಡಿದ್ದು ಬೇಡ, ಹೊಡೆದುಹಾಕಿದ ಸಾಲುಗಳಿರುವ ಅದೇ ನೋಟ್‌ಬುಕ್ ಬೇಕು. ಹೊಡೆದುಹಾಕಿದ್ದನ್ನೇ ನಾನು ಮೊದಲು ಓದುತ್ತೀನಿ. ಅಮ್ಮನಿಗೆ ಕೇಳಿದೆ ಅಂತ ಹೇಳು, ಮಾವಿನ ಉಪ್ಪಿನಕಾಯಿ ಹಾಕಿದ್ದರೆ ಒಂದು ಸಣ್ಣ ಡಬ್ಬಿಯಲ್ಲಿ ಕಳಿಸಲಿ.