ಮಗಳಿಗೊಂದು ಪತ್ರ: ಲಂಗರಿನ ಸರಪಳಿ ಎಷ್ಟು ಬಿಟ್ಟಿರಿ?

ವಾಸ್ಕೋ, ಗೋವಾ

ಪ್ರೀತಿಯ ಪುಟ್ಟೀ,

ನೀನು ಸೇಶೆಲ್ಸ್‌ನಿಂದ ಕಳಿಸಿದ ಫೋಟೋನ ಅಮ್ಮ ಬೀದಿಗೆಲ್ಲ ತೋರಿಸಿ ಆಯ್ತು. ಹಾಯಿದೋಣಿಯ ಮೂತಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೀಯ. ಪಕ್ಕದ ಮನೆಯವರು "ಭಾರೀ ಮಜಾ" ಅಂದರು. ನಾನು ದೊಡ್ಡದು ಮಾಡಿ ನೋಡಿದ್ದು ನಿನ್ನ ಅಂಗೈ. ಹಗ್ಗ ಉಜ್ಜಿದ ಗಾಯ ಕಂಡಿತು. ಮಜಾ ಎಷ್ಟು ಅಂತ ಗೊತ್ತಾಯ್ತು ಬಿಡು.

ದಿವಾರ್‌ ದ್ವೀಪದ ಯಾರ್ಡಿನಲ್ಲಿ ಕಟ್ಟಿದ ತಾರಿಣಿ ಅನ್ನೋ ಹಾಯಿದೋಣಿಯಲ್ಲಿ ನೌಕಾಪಡೆಯ 6 ಹೆಣ್ಣುಮಕ್ಕಳು ಭೂಮಿ ಸುತ್ತಿಕೊಂಡು 2018ರ ಮೇನಲ್ಲಿ ಗೋವಾಕ್ಕೆ ವಾಪಸ್ ಬಂದರಲ್ಲ, ಅವತ್ತು ನೀನು ಟಿವಿ ಮುಂದಿನಿಂದ ಎದ್ದಿರಲಿಲ್ಲ. ಆಗಲೇ ನನಗೆ ಅನುಮಾನ ಬಂದಿತ್ತು.

ನಾನು ನಿನಗೆ ಹೇಳದ ಕತೆ ಒಂದಿದೆ. 1998ರ ಜನವರಿಯಲ್ಲಿ ಒಬ್ಬರು 38 ಅಡಿಯ ಹಾಯಿದೋಣಿಯನ್ನು ಮಾಲ್ದೀವ್ಸ್‌ಗೆ ಒಯ್ಯಬೇಕಿತ್ತು. ಇಂಜಿನ್ ನೋಡಿಕೊಳ್ಳಲು ಫಿಟ್ಟರ್ ಬೇಕು ಅಂತ ನನ್ನನ್ನು ಕರೆದರು. ಈಶಾನ್ಯದ ಗಾಳಿ ಚೆನ್ನಾಗಿತ್ತು, ಇಂಜಿನ್‌ಗೆ ಕೆಲಸವೇ ಬೀಳಲಿಲ್ಲ. ಏಳು ದಿನ ನಾನೇ ಅಡಿಗೆಯವನು, ನಾನೇ ಪಾತ್ರೆ ತೊಳೆಯುವವನು. ರಾತ್ರಿ ಮೂರು ಗಂಟೆ ಪಾಳಿ ಬೇರೆ. ಅಲ್ಲಿನ ಒಲೆ ತೊಟ್ಟಿಲಿನ ಹಾಗೆ ತೂಗುತ್ತೆ ಅಲ್ವಾ? ದೋಣಿ ಎಷ್ಟು ವಾಲಿದರೂ ಅನ್ನದ ಪಾತ್ರೆ ನೆಟ್ಟಗಿರುತ್ತಿತ್ತು. ಬೀಳುತ್ತಿದ್ದದ್ದು ನಾನು.

ಪಾತ್ರೆಯೆಲ್ಲ ಸಮುದ್ರದ ನೀರಲ್ಲಿ. ಮೈ ಸೋಪು ಉಪ್ಪುನೀರಲ್ಲಿ ನೊರೆ ಬರಲ್ಲ, ಪಾತ್ರೆ ತೊಳೆಯುವ ಲಿಕ್ವಿಡ್ ಬರುತ್ತೆ. ಅದರಲ್ಲೇ ಸ್ನಾನ, ಕೊನೆಗೆ ಒಂದು ಚೊಂಬು ಸಿಹಿನೀರು. ನಿಮ್ಮಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಮಷೀನ್ ಇದೆ ಅಂದೆ. ಇರಲಿ. ಆದರೂ ಟ್ಯಾಂಕ್ ತುಂಬಿಸಿಟ್ಟಿರು. ಮಷೀನು ಕೆಡೋದು ದಡ ದೂರ ಇದ್ದಾಗಲೇ, ಇದು ಫಿಟ್ಟರ್ ಮಾತು.

ಗ್ಯಾಸಿನ ವಿಷಯ ಮಾತ್ರ ಬಹಳ ಜೋಪಾನ. ಅದು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಲ್ಲಿ ಹೊರಗೆ ಹೋದೀತು. ದೋಣಿಯಲ್ಲಿ ಹಲಗೆಯ ಕೆಳಗೆ ಇಳಿದು ಅಲ್ಲೇ ಕೂತಿರುತ್ತೆ, ಒಂದು ಕಿಡಿ ಸಾಕು. ಒಲೆ ಆರಿಸಿದರೆ ಸಾಲದು, ಸಿಲಿಂಡರ್ ವಾಲ್ವ್ ತಿರುಗಿಸು.

ಈಗ ನನ್ನ ಕತೆ. ಮಾಲ್ದೀವ್ಸ್‌ನ ಒಂದು ದ್ವೀಪದ ಪಕ್ಕ ಲಂಗರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆಳ 6 ಮೀಟರ್. ನೀರು ಗಾಜಿನ ಹಾಗೆ ನಿಂತಿತ್ತು. 20 ಮೀಟರ್ ಸರಪಳಿ ಬಿಟ್ಟೆ, ಧಾರಾಳವಾಯ್ತು ಅಂದುಕೊಂಡು ಮಲಗಿದೆ. ನಡುರಾತ್ರಿ ಮಳೆಗಾಳಿ ಬಂತು. ತಲೆದಿಂಬಿನ ಕೆಳಗಿಂದ ಗರಗರ ಸದ್ದು, ಯಾರೋ ಬೀಸುಕಲ್ಲು ತಿರುಗಿಸಿದ ಹಾಗೆ. ಸರಪಳಿ ಹೀಗೇ ಸದ್ದು ಮಾಡುತ್ತೇನೋ ಅಂತ ಮಗ್ಗುಲು ಬದಲಿಸಿದೆ. ಜಾರುತ್ತಿದ್ದದ್ದು ಲಂಗರು. ಮುಂದಿನ ಸದ್ದು ಚುಕ್ಕಾಣಿ ಹವಳದ ಬಂಡೆಗೆ ಬಡಿದದ್ದು.

ಇಂಜಿನ್ ಹಾಕಿ ಹೇಗೋ ಬಿಡಿಸಿಕೊಂಡೆವು. ಯಜಮಾನರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೆಳಿಗ್ಗೆ ಲೆಕ್ಕ ಹೇಳಿಕೊಟ್ಟರು: ಭರತದ ಹೊತ್ತಿನ, ಅಂದರೆ ನೀರು ಏರಿದಾಗಿನ ಆಳ ಹಿಡಿ, ನೀರಿನಿಂದ ಮೂತಿಯವರೆಗಿನ ಎತ್ತರ ಕೂಡಿಸು, ಅದರ ಐದು ಪಟ್ಟು ಸರಪಳಿ. ಗಾಳಿ ಜಾಸ್ತಿ ಅನಿಸಿದರೆ ಏಳು ಪಟ್ಟು. ಸರಪಳಿ ನೆಲದ ಮೇಲೆ ಮಲಗಿ ಎಳೆದರೆ ಲಂಗರು ಕಚ್ಚುತ್ತೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತೆ. ಬೀಳಿಸೋದು ಮರಳಲ್ಲಿ, ಹವಳದ ಮೇಲಲ್ಲ. ಬಿಸಿಲು ನೆತ್ತಿಗೆ ಬಂದಾಗ ಒಳಗೆ ಹೋದರೆ ಬಣ್ಣ ಚೆನ್ನಾಗಿ ಕಾಣುತ್ತೆ: ತಿಳಿ ಹಸಿರುನೀಲಿ ಅಂದರೆ ಮರಳು, ಕಂದು ಅಂದರೆ ಹವಳ. ಸಂಜೆ ಎದುರು ಬಿಸಿಲಲ್ಲಿ ಎಲ್ಲ ಬೆಳ್ಳಿ ತಟ್ಟೆಯೇ.

ಅಂದಹಾಗೆ, ಪ್ರಾಸ್ಲಿನ್ ದ್ವೀಪದ ಜೋಡಿ ತೆಂಗು ನೋಡಿದೆಯಾ? ಹಿಂದೆ ಅದರ ಕಾಯಿ ತೇಲಿಬಂದು ಮಾಲ್ದೀವ್ಸ್ ದಡಕ್ಕೆ ಬೀಳುತ್ತಿತ್ತಂತೆ, ಮರ ಎಲ್ಲಿದೆ ಅಂತಲೇ ಜನಕ್ಕೆ ಗೊತ್ತಿರಲಿಲ್ಲ. ಅದಕ್ಕೇ ಅದರ ವೈಜ್ಞಾನಿಕ ಹೆಸರಲ್ಲಿ ಇವತ್ತಿಗೂ ಮಾಲ್ದೀವ್ಸ್ ಇದೆ. ತರೋದೇನೂ ಬೇಡ, ಪರವಾನಗಿ ಇಲ್ಲದೆ ಬಿಡಲ್ಲ.

ಚುಕ್ಕಾಣಿಯ ವಿಷಯ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಬೇಡ. ಅವಳಿಗೆ ದಿನಾ "ಊಟ ಆಯ್ತು" ಅಂತ ಮೆಸೇಜ್ ಹಾಕು. ನನಗೆ ಆಳ ಎಷ್ಟು, ಸರಪಳಿ ಎಷ್ಟು, ಎರಡೇ ಅಂಕಿ ಕಳಿಸು. ನೋಡಿ ಮಲಗುತ್ತೇನೆ.

ನಿನ್ನ ಅಪ್ಪ